ಸೀಟಿ ಬಿದ್ದದ್ದು ಶನಿವಾರ

ಎಡಗೈ ಹೆಬ್ಬೆರಳಿಗೆ ಗುಳ್ಳೆ ಎದ್ದಿತ್ತು. ಈಗ ಒಣಗಿ ಸಿಪ್ಪೆ ಏಳುತ್ತಿದೆ. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಒತ್ತಿ ಆದದ್ದು. ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು "ಬೆರಳಿಗೆ ಏನಾತ್ರಿ?" ಅಂದರು. ಮೋಟರ್ ಬಿಚ್ಚುವಾಗ ಆಯ್ತು ಅಂತ ಸುಳ್ಳು ಹೇಳಿದೆ. ಹುಬ್ಬಳ್ಳಿಯ ನ್ಯೂ ಕಾಟನ್ ಮಾರ್ಕೆಟ್‌ನಲ್ಲಿ ಪಂಪ್‌ಸೆಟ್ ಸಾಮಾನು ಮಾರುವ ನಲವತ್ತೊಂದು ವರ್ಷದ ಮನುಷ್ಯ ಕಾರ್ ರೇಸಿಗೆ ಹೋಗಿದ್ದ ಅಂತ ಗೊತ್ತಾದರೆ ಉದ್ರಿ ಕೇಳುವವರಿಗೆ ಇನ್ನಷ್ಟು ಧೈರ್ಯ ಬರುತ್ತದೆ.

ರೇಸು ಅಂದರೆ ಟಿವಿಯಲ್ಲಿ ತೋರಿಸುವ ಹಾಗೆ ಇಪ್ಪತ್ತು ಗಾಡಿ ಒಟ್ಟಿಗೆ ಬುರ್ರ್ ಅನ್ನುವುದಲ್ಲ. ಇದಕ್ಕೆ ಆಟೋಕ್ರಾಸ್ ಅಂತಾರೆ. ಬಯಲಿನಲ್ಲಿ ಕೋನ್ ಇಟ್ಟು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಗಾಡಿ ಬಿಡುತ್ತಾರೆ. ಎದುರಾಳಿ ಯಾರೂ ಕಣ್ಣಿಗೆ ಬೀಳುವುದಿಲ್ಲ, ಇರುವುದು ಗಡಿಯಾರ ಒಂದೇ. ಕೋನಿಗೆ ತಾಗಿದರೆ ಸೆಕೆಂಡು ಸೇರಿಸುತ್ತಾರೆ. ನಮ್ಮಲ್ಲಿ ಒಂದು ಕೋನಿಗೆ ಐದು ಸೆಕೆಂಡು ಇತ್ತು. ದಾರಿ ತಪ್ಪಿದರೆ ಆ ಓಟವೇ ಹೋಯಿತು.

ಇದನ್ನು ನವಲಗುಂದ ಕಡೆಯ ನಮ್ಮ ಕಾಕಾಗೆ ಹೇಳುತ್ತಿದ್ದಾಗ ಅರ್ಧಕ್ಕೇ ತಡೆದರು. "ಹಂಗಂದ್ರ ಖಾಲಿ ಗಾಡಾ ಓಡಿಸಿದಂಗ ಅನ್ನಲೇ." ಹೌದಲ್ಲ ಅನ್ನಿಸಿತು. ನಮ್ಮ ಕಡೆ ಜಾತ್ರೆಗಳಲ್ಲಿ ಖಾಲಿ ಗಾಡಾ ಸ್ಪರ್ಧೆ ಇಡುತ್ತಾರೆ. ಅಲ್ಲಿಯೂ ಒಂದು ಸಲಕ್ಕೆ ಒಂದೇ ಜೋಡಿ ಎತ್ತು. ಒಂದು ನಿಮಿಷ ಕೊಡುತ್ತಾರೆ. ಅಷ್ಟರಲ್ಲಿ ಎಷ್ಟು ದೂರ ಓಡಿದವು ಅಂತ ಟೇಪ್ ಹಿಡಿದು ಅಡಿ ಲೆಕ್ಕದಲ್ಲಿ ಅಳೆಯುತ್ತಾರೆ. ಅಲ್ಲಿ ಟೈಮ್ ಕಟ್ಟಿ ದೂರ ಅಳೆಯುತ್ತಾರೆ, ಇಲ್ಲಿ ದೂರ ಕಟ್ಟಿ ಟೈಮ್ ನೋಡುತ್ತಾರೆ. ಅಷ್ಟೇ ವ್ಯತ್ಯಾಸ. ಚಿಕ್ಕವನಿದ್ದಾಗ ಕಾಕಾನ ಹೆಗಲ ಮೇಲೆ ಕೂತು ಅದನ್ನೆಷ್ಟು ಸಲ ನೋಡಿದ್ದೆ. ಆದರೂ ನೆನಪಾಗಿರಲಿಲ್ಲ ನೋಡಿ.

ನನ್ನ ಗಾಡಿ 2003ರ ಮಾರುತಿ ಎಸ್ಟೀಮ್. ಹದಿನೈದು ವರ್ಷ ದಾಟಿ ಒಮ್ಮೆ ಎಫ್‌ಸಿ ಮಾಡಿಸಿಕೊಂಡ ಮುದುಕ. 1,298 ಸಿಸಿ, ಹದಿನಾರು ವಾಲ್ವ್. ಮೈ ಹಗುರ, ಒಂಬೈನೂರು ಕೆಜಿ ಒಳಗೇ. ಇದೇ ಕಾರಣಕ್ಕೆ ರೇಸ್ ಹುಚ್ಚಿನವರು ಇದನ್ನು ಹುಡುಕಿ ಹುಡುಕಿ ತೆಗೆದುಕೊಂಡು ನಮ್ಮಂಥವರಿಗೆ ಬಿಡಿಭಾಗ ಸಿಗದ ಹಾಗೆ ಮಾಡಿಟ್ಟಿದ್ದಾರೆ. ನಾನು ತಗೊಂಡದ್ದು ಅದಕ್ಕಲ್ಲ. ಸಸ್ತಾ ಸಿಕ್ಕಿತು, ತಗೊಂಡೆ.

ಹುಚ್ಚು ಹತ್ತಿದ್ದು ಕೊಯಮತ್ತೂರಿನಲ್ಲಿ. ಪಂಪ್ ಮಾರುವವರಿಗೆ ಕೊಯಮತ್ತೂರು ಅಂದರೆ ಕಾಶಿ ಇದ್ದ ಹಾಗೆ. ಒಮ್ಮೆ ಡೀಲರ್ ಮೀಟಿಂಗಿಗೆ ಹೋದವನು ಮಧ್ಯಾಹ್ನದ ಊಟ ಬಿಟ್ಟು ಚೆಟ್ಟಿಪಾಳ್ಯಂ ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇ ನೋಡಲು ಹೋದೆ. ಸುಮಾರು 2.1 ಕಿ.ಮೀ. ಡಾಂಬರಿನ ಟ್ರ್ಯಾಕು. ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಮಾರುತಿ 800ರ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಅನ್ನುವ ಒಂಟಿ ಸೀಟಿನ ರೇಸ್ ಕಾರು ಮಾಡಿದವರು ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಅದೇ ಊರಿನವರು. ನಾನು ತಂತಿ ಬೇಲಿ ಹಿಡಿದು ಎರಡು ತಾಸು ನಿಂತೆ. ಸಂಜೆ ಮೀಟಿಂಗಿನಲ್ಲಿ ಹೊಸ ಸಬ್‌ಮರ್ಸಿಬಲ್ ಬಗ್ಗೆ ಏನು ಹೇಳಿದರೋ ಒಂದೂ ತಲೆಗೆ ಹೋಗಲಿಲ್ಲ. ಆದರೆ ಕೊಯಮತ್ತೂರಾಗಲಿ, ಚೆನ್ನೈ ಹತ್ತಿರದ ಟ್ರ್ಯಾಕಾಗಲಿ ಹುಬ್ಬಳ್ಳಿಯಿಂದ ನೂರಾರು ಕಿ.ಮೀ. ದೂರ. ಶನಿವಾರ ಸಂಜೆ ಶಟರ್ ಎಳೆದು ಹೋಗಿ ಬರುವ ಮಾತಲ್ಲ.

ಹಾಗಾಗಿ ಗದಗ ರಸ್ತೆಯಲ್ಲೇ ಎರಡು ದಿನದ ಆಟೋಕ್ರಾಸ್ ಇದೆ ಅಂತ ಗೊತ್ತಾದಾಗ ಯೋಚನೆ ಮಾಡಲಿಲ್ಲ, ಹೆಸರು ಕೊಟ್ಟೆ. ಹೆಂಡತಿಗೆ ಆಮೇಲೆ ಹೇಳಿದೆ. "ಇದೊಂದ ಬಾಕಿ ಇತ್ರೀ ನಿಮ್ಮದು" ಅಂದಳು. ಅಷ್ಟರಲ್ಲಿ ಮುಗಿಯಿತು. ಅವಳು ಜಾಸ್ತಿ ಮಾತಾಡದಿದ್ದರೆ ನನಗೆ ಹೆದರಿಕೆ ಜಾಸ್ತಿ.

ಜಾಗ ಒಂದು ಲೇಔಟು. ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಸೈಟಿಗೆ ಅಂತ ಎನ್ಎ ಮಾಡಿಸಿ, ಮೇಲೆ ಕೆಂಪು ಗರಸು ಹೊಡೆಸಿ ರಸ್ತೆ ಮಾಡಿದ್ದಾರೆ, ಸೈಟು ಇನ್ನೂ ಮಾರಾಟವಾಗಿಲ್ಲ. ಕಲ್ಲಿನ ನಂಬರು, ಜಾಲಿ ಗಿಡ, ಒಂದು ನೀರಿನ ಟ್ಯಾಂಕ್, ಒಳಗೆ ನೀರಿಲ್ಲ. ಕೋನ್ ಇಟ್ಟ ದಾರಿ ಅಳೆದರೆ 1.6 ಕಿ.ಮೀ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಆ ಉದ್ದನೆ ಪ್ಲಾಟ್‌ಫಾರ್ಮು 1,507 ಮೀಟರ್. ಅದಕ್ಕಿಂತ ನಾಲ್ಕು ಬೋಗಿಯಷ್ಟು ಜಾಸ್ತಿ. ಅಷ್ಟರೊಳಗೆ ಹದಿನಾರು ತಿರುವು, ಅದರಲ್ಲಿ ಮೂರು ಪೂರ್ತಿ ಹಿಂದಕ್ಕೆ ಹೊರಳುವ ಹೇರ್‌ಪಿನ್ನು. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬರುವುದರ ನಡುವೆ, ಅಂದರೆ ಮಳೆ ಹಿಡಿಯುವ ಹೊತ್ತಿನಲ್ಲಿ, ಎರಿ ನೆಲದ ಮೇಲೆ ಗಾಡಿ ಓಡಿಸುವ ಕಲ್ಪನೆ ಯಾರಿಗೆ ಬಂತೋ ಗೊತ್ತಿಲ್ಲ. ಬೇಸಾಯ ಮಾಡಿದ ಮನೆತನದವರಂತೂ ಇರಲಿಕ್ಕಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಅಂದಿದ್ದರು. ಏಳಕ್ಕೆ ಹೋದೆವು. ನಾನು, ಹೆಂಡತಿ, ಮಗ, ಮತ್ತೆ ನಮ್ಮ ಉಸ್ತಾದ್. ಉಸ್ತಾದರ ಗ್ಯಾರೇಜು ಹಳೇ ಹುಬ್ಬಳ್ಳಿಯಲ್ಲಿದೆ. ಗಾಡಿ ನೋಡಿದ್ದಕ್ಕಿಂತ ಕೇಳಿದ್ದರಲ್ಲೇ ರೋಗ ಹೇಳುವ ಮನುಷ್ಯ. ಪೆಂಡಾಲ್ ಇನ್ನೂ ಕಟ್ಟುತ್ತಿದ್ದರು. ಮೊದಲ ಗಾಡಿ ಬಿಟ್ಟಾಗ ಮಧ್ಯಾಹ್ನ ಒಂದೂವರೆ. ರೇಸಿನ ಎರಡು ದಿನದಲ್ಲಿ ನಾನು ನಿಜವಾಗಿ ರೇಸ್ ಮಾಡಿದ್ದು ನಾಲ್ಕು ನಿಮಿಷ. ಉಳಿದದ್ದೆಲ್ಲ ನೆರಳು ಹುಡುಕುವುದು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದವರ ಗಾಡಿಯ ಟೈರು ಒತ್ತಿ ನೋಡುವುದು.

ಮೊದಲಿಗೆ ಸ್ಕ್ರುಟಿನಿ. ಬ್ರೇಕು, ಬೆಲ್ಟು, ಹೆಲ್ಮೆಟ್ಟು, ಬ್ಯಾಟರಿ ಗಟ್ಟಿ ಕೂತಿದೆಯಾ, ಪೆಟ್ರೋಲ್ ಸೋರುತ್ತದಾ, ಎಲ್ಲ ನೋಡುತ್ತಾರೆ. ಗಾಡಿಯೊಳಗೆ ಬಿಡಿ ಸಾಮಾನು ಒಂದೂ ಇರಬಾರದು. ಜೋರಾಗಿ ಬ್ರೇಕ್ ಹಾಕಿದರೆ ನೀರಿನ ಬಾಟಲಿಯೂ ಕಲ್ಲಿನ ಹಾಗೆ ಬಂದು ಬಡಿಯುತ್ತದೆ, ಅಥವಾ ಪೆಡಲ್ ಕೆಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ನನ್ನ ಡಿಕ್ಕಿ ತೆಗೆಸಿದರು. ಸ್ಟೆಪ್ನಿ, ಜ್ಯಾಕು, ಎರಡು ಇಂಪೆಲ್ಲರು, ಒಂದು ಸುತ್ತು ಗ್ಲ್ಯಾಂಡ್ ಹಗ್ಗ, ಹೋದ ವರ್ಷ ಕಳೆದುಹೋಗಿದೆ ಅಂತ ಮನೆಯಲ್ಲಿ ಜಗಳವಾಗಿದ್ದ ಸ್ಟೀಲ್ ಡಬ್ಬಿ. ಹೆಂಡತಿ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ಸಿದ್ಧಾರೂಢ ಅಜ್ಜನ ಮೂರ್ತಿಯನ್ನೂ ತೆಗೆಯಿರಿ ಅಂದರು. ಉಸ್ತಾದರೇ ಎರಡೂ ಕೈಯಲ್ಲಿ ತೆಗೆದು ಹೆಂಡತಿಗೆ ಕೊಟ್ಟರು.

ಆಮೇಲೆ ಟ್ರ್ಯಾಕನ್ನು ಕಾಲಲ್ಲಿ ನಡೆದು ನೋಡಬೇಕು. ಇದನ್ನು ಸುಮ್ನೆ ಶಾಸ್ತ್ರ ಅಂದುಕೊಂಡು ಫೋನಿನಲ್ಲಿ ಮಾತಾಡುತ್ತಾ ನಡೆದೆ. ನನ್ನ ಮುಂದೆ ಒಬ್ಬ ಹುಡುಗಿ ಹೋಗುತ್ತಿದ್ದಳು. ಧಾರವಾಡದವಳು, ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಅಪ್ಪನ ಹಳೇ ಮಾರುತಿ 800 ತಂದಿದ್ದಳು. ಪ್ರತಿ ತಿರುವಿನಲ್ಲಿ ನಿಂತು, ಹಿಂದೆ ಹೋಗಿ, ಮತ್ತೆ ಬಂದು, ಬಗ್ಗಿ ಮಣ್ಣು ಮುಟ್ಟಿ ನೋಡುತ್ತಿದ್ದಳು. ಏನೋ ಕಳಕೊಂಡಿದ್ದಾಳೆ ಅಂದುಕೊಂಡೆ.

ನನ್ನ ಬಗ್ಗೆ ನನಗೊಂದು ನಂಬಿಕೆ ಇತ್ತು, ನಾನು ಭಾರಿ ಡ್ರೈವರ್ ಅಂತ. ಆ ನಂಬಿಕೆ ಹುಟ್ಟಿದ್ದು ಹುಬ್ಬಳ್ಳಿ ಧಾರವಾಡ ಬೈಪಾಸಿನಲ್ಲಿ. ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು ಮೂವತ್ತು ಕಿ.ಮೀ. ಎರಡೂ ಕಡೆ ಹೆದ್ದಾರಿ ಅಗಲ, ನಡುವೆ ಈ ತುಂಡು ಮಾತ್ರ ವರ್ಷಗಟ್ಟಲೆ ಎರಡೇ ಲೇನು ಇತ್ತು. ಎದುರಿಗೆ ಲಾರಿ ಬರುವುದರೊಳಗೆ ಮುಂದಿನ ಬಸ್ಸು ದಾಟುವುದು, ಅದರಲ್ಲಿ ಬದುಕಿ ಉಳಿದದ್ದನ್ನು ಚಾಲಾಕಿ ಅಂದುಕೊಳ್ಳುವುದು. ಆ ರಸ್ತೆ ಎಷ್ಟು ಮನೆಗಳನ್ನು ಹಾಳು ಮಾಡಿದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಇಪ್ಪತ್ತೈದನೇ ವಯಸ್ಸಿನಲ್ಲಿ ನಾನು ಮಾಡಿದ್ದನ್ನು ಈಗ ಮಗ ಮಾಡಿದರೆ ಕಪಾಳಕ್ಕೆ ಹೊಡೆಯುತ್ತೇನೆ.

ಶನಿವಾರ ಐದು ಗಂಟೆಗೆ ನನ್ನ ಪಾಳಿ ಬಂತು. ಸುತ್ತಲಿನ ಹಳ್ಳಿಯವರು ಟ್ರ್ಯಾಕ್ಟರ್ ಟ್ರೇಲರ್ ತಂದು ನಿಲ್ಲಿಸಿ ಅದರ ಮೇಲೆ ನಿಂತಿದ್ದರು. ಹುಡುಗರು ಖಾಲಿ ಟ್ಯಾಂಕ್ ಹತ್ತಿದ್ದರು. ಮೊದಲ ಹೇರ್‌ಪಿನ್ನು ಅವರ ಎದುರಿಗೇ. ಅಲ್ಲಿಗೆ ಎರಡನೇ ಗೇರಿನಲ್ಲಿ ಬಂದು, ಸ್ಟೇರಿಂಗ್ ತಿರುಗಿಸಿ, ಹೆಬ್ಬೆರಳಲ್ಲಿ ಗುಂಡಿ ಒತ್ತಿ ಹಿಡಿದು ಹ್ಯಾಂಡ್‌ಬ್ರೇಕ್ ಎಳೆದೆ. ಗುಂಡಿ ಬಿಟ್ಟರೆ ಲಿವರು ಮೇಲೆಯೇ ಕಚ್ಚಿಕೊಳ್ಳುತ್ತದೆ, ಅದಕ್ಕೇ ಒತ್ತಿಯೇ ಇರಬೇಕು. ಹಿಂದಿನ ಎರಡು ಗಾಲಿ ನಿಂತವು. ಗಾಡಿಯ ಹಿಂಭಾಗ ಬಾಗಿಲು ತೆರೆದ ಹಾಗೆ ತಿರುಗಿತು. ಕೆಂಪು ಧೂಳು ಎದ್ದು ಗಾಜು ತುಂಬ. ಧೂಳಿನ ಆಚೆಯಿಂದ ಸೀಟಿ! ಹೆಲ್ಮೆಟ್ಟಿನೊಳಗೂ ಕೇಳಿಸಿತು. ಮೈ ಜುಮ್ಮೆಂದಿತು. ಎರಡನೇದರಲ್ಲೂ ಹಾಗೇ ಮಾಡಿದೆ. ಮೂರನೇದರಲ್ಲಿ ಎಳೆದಾಗ ಕಟ್ ಅಂತ ಸದ್ದಾಗಿ ಲಿವರು ಸತ್ತ ಬೆರಳಿನ ಹಾಗೆ ಕೈಗೆ ಬಂತು. ಕೇಬಲ್ಲು ಹರಿದಿತ್ತು. ಒಂದು ಕೋನ್ ಹಾರಿತು. ಆದರೂ ಗೆದ್ದವನ ಹಾಗೆ ಗೆರೆ ದಾಟಿದೆ.

ಬೋರ್ಡಿನಲ್ಲಿ ಬರೆದರು. 1 ನಿಮಿಷ 58.4 ಸೆಕೆಂಡು. ಕೋನಿನ ಐದು ಸೇರಿ 2 ನಿಮಿಷ 3.4. ನಮ್ಮ ಕ್ಲಾಸಿನ, ಅಂದರೆ ನಮ್ಮ ಗುಂಪಿನ ಗಾಡಿಗಳ, ಹದಿನಾಲ್ಕು ಜನರಲ್ಲಿ ಹನ್ನೊಂದನೆಯವನು. ಮೊದಲನೆಯವನು 1 ನಿಮಿಷ 46ರಲ್ಲಿ ಮುಗಿಸಿದ್ದ. ಅದು ಹೋಗಲಿ. ಬೇರೆ ಕ್ಲಾಸಿನಲ್ಲಿ ಓಡಿದ ಆ ಧಾರವಾಡದ ಹುಡುಗಿಯ 796 ಸಿಸಿ ಮಾರುತಿ ನನಗಿಂತ ಐದು ಸೆಕೆಂಡು ಮುಂದಿತ್ತು, ನನ್ನ ಕೋನನ್ನು ಬಿಟ್ಟು ಲೆಕ್ಕ ಹಾಕಿದರೂ. ಅವಳು ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಸಂತೆಗೆ ಹೊರಟವಳ ಹಾಗೆ ಹೋಗಿದ್ದಳು. ಧೂಳೂ ಸರಿಯಾಗಿ ಎದ್ದಿರಲಿಲ್ಲ.

ಕೂತು ಸರಾಸರಿ ಲೆಕ್ಕ ಹಾಕಿದೆ. ಎದೆ ಬಾಯಿಗೆ ಬಂದಂತೆ ಓಡಿಸಿದ ನನ್ನ ವೇಗ ಗಂಟೆಗೆ 49 ಕಿ.ಮೀ. ಗೋಕುಲ ರೋಡಿನಲ್ಲಿ ಬೆಳಗಿನ ಹಾಲಿನ ವ್ಯಾನು ಇದಕ್ಕಿಂತ ಜೋರು ಹೋಗುತ್ತದೆ.

ಉಸ್ತಾದರು ಗಾಡಿ ಕೆಳಗೆ ಮಲಗಿ ಹರಿದ ಕೇಬಲ್ಲು ನೋಡುತ್ತಿದ್ದರು. ಯಾಕೆ ಹೀಗಾಯ್ತು ಅಂದೆ. ಮಲಗಿದಲ್ಲಿಂದಲೇ ಹೇಳಿದರು. "ಸಾವಕಾರ್ರ, ನೀವು ಹೊಳ್ಳಿಸಿದ್ದು ಚಂದ ಇತ್ರಿ. ಆದ್ರ ಹೊಳ್ಳಿದ ಮ್ಯಾಲೆ ಗಾಡಿ ನಿಂತ ಬಿಟ್ಟಿತ್ತು. ಮತ್ತ ಜೀರೋದಿಂದ ಎಬ್ಬಿಸಿದ್ರಿ." ಅಷ್ಟೇ. ಇಡೀ ವಿಷಯ ಅಷ್ಟರಲ್ಲೇ ಇತ್ತು. ಹಿಂದಿನ ಗಾಲಿ ಜಾರುವಾಗ ತಿರುಗುವುದು ಗಾಡಿಯ ಮೈ, ಕಳೆಯುವುದು ಕಷ್ಟಪಟ್ಟು ಕೂಡಿಸಿದ ಓಟ. ಈ ಎಂಜಿನ್ನಿಗೆ ಜೀವ ಬರುವುದು ಅದು ತಿರುಗುವ ಸುತ್ತು, ಅಂದರೆ ಆರ್‌ಪಿಎಂ, ಏರಿದ ಮೇಲೆ. ಕೆಳಗೆ ಬಿದ್ದರೆ ಮೊದಲ ಗೇರಿಗೆ ಇಳಿಸಿ ಎಬ್ಬಿಸಬೇಕು. ಎಬ್ಬಿಸುವಾಗ ಮುಂದಿನ ಗಾಲಿ ಗರಸಿನಲ್ಲಿ ಸುಮ್ನೆ ಗರಗರ ತಿರುಗುತ್ತವೆ. ಒಂದೊಂದು ಹೇರ್‌ಪಿನ್ನಿನಲ್ಲಿ ಮೂರು ನಾಲ್ಕು ಸೆಕೆಂಡು ಜನರಿಗೆ ಹಂಚಿ ಬಂದಿದ್ದೆ. ಜನ ಸೀಟಿ ಹೊಡೆದದ್ದು ಅದಕ್ಕೇ.

ರಾತ್ರಿ ಮಳೆ ಬಂತು. ಮಲಗಿದಲ್ಲೇ ಕೇಳಿಸಿಕೊಂಡೆ. ಬೆಳಿಗ್ಗೆ ಹೋಗಿ ನೋಡಿದರೆ ಲೇಔಟಿನ ಗರಸು ಅಲ್ಲಲ್ಲಿ ಕುಸಿದು ಕಪ್ಪು ಮಣ್ಣು ಮೇಲೆ ಬಂದಿತ್ತು. ನಡೆದರೆ ಒಂದೊಂದು ಚಪ್ಪಲಿಗೆ ಒಂದೊಂದು ಕಿಲೋ. ಹತ್ತು ಹೆಜ್ಜೆಗೆ ನಾಲ್ಕು ಬೆರಳು ಎತ್ತರವಾಗಿದ್ದೆ. ಮುಗಿಯಿತು, ಮನೆಗೆ ಹೋಗೋಣ ಅಂದುಕೊಂಡೆವು. ಆದರೆ ಹತ್ತಕ್ಕೆ ಬಿಸಿಲು ಬಿತ್ತು, ಗಾಳಿ ಬಿಟ್ಟಿತು. ಹನ್ನೆರಡಕ್ಕೆ ಶುರು ಮಾಡುತ್ತೇವೆ ಅಂದರು, ಒಂದಕ್ಕೆ ಮಾಡಿದರು. ಎರಡೂ ದಿನದ ಟೈಮ್ ಕೂಡಿಸಿ ನಂಬರು ಕೊಡುವುದು ಅಂತ ಇತ್ತು.

ಆ ಹುಡುಗಿ ಮತ್ತೆ ನಡೆಯುತ್ತಿದ್ದಳು. ಈ ಸಲ ನಾಚಿಕೆ ಬಿಟ್ಟು ಹಿಂದೆ ಹೋದೆ. "ಏನ್ ನೋಡ್ತೀಯವಾ?" ಅಂದೆ. ಒಂದು ಹಿಡಿ ಎರಿ ಮಣ್ಣು ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ತೀಡಿದಳು. ಮಣ್ಣು ಪಟ್ಟಿಯ ಹಾಗೆ ಉದ್ದಕ್ಕೆ ಬಂತು, ಹರಿಯಲಿಲ್ಲ. "ನೋಡ್ರಿ ಅಂಕಲ್, ಇದರಾಗ ಜೇಡಿ ಭಾಳ. ನೀರು ಕುಡದು ಉಬ್ಬತೈತಿ, ಒಣಗಿದ್ರ ಬಿರಿತೈತಿ. ಮ್ಯಾಲೆ ಒಣಗಿದಂಗ ಕಾಣತೈತಿ, ಒಳಗ ಸಾಬೂನಾ." ಎಲ್ಲಿ ಗರಸು ಉಳಿದಿದೆ, ಎಲ್ಲಿ ಕಪ್ಪು ಹಣಿಕಿದೆ ಅಂತ ತೋರಿಸಿದಳು. ಕಪ್ಪಿನ ಮೇಲೆ ಬ್ರೇಕನ್ನೂ ಹಾಕಬಾರದು, ಸ್ಟೇರಿಂಗನ್ನೂ ತಿರುಗಿಸಬಾರದು. ಆ ಎರಡನ್ನೂ ಕೆಂಪಿನ ಮೇಲೇ ಮುಗಿಸಿಕೊಂಡು ಕಪ್ಪನ್ನು ಸುಮ್ಮನೆ ದಾಟಬೇಕು. ನಾವು ಚಿಕ್ಕವರಿದ್ದಾಗ ಮಳೆಯಲ್ಲಿ ಹೊಲದ ಬದುವಿನ ಮೇಲೆ ಸೈಕಲ್ ತುಳಿದದ್ದು ಹಾಗೇ ಅಲ್ವಾ. ಕಾಲಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ.

ಹ್ಯಾಂಡ್‌ಬ್ರೇಕ್ ಇಲ್ಲ. ರವಿವಾರ ಸ್ಪೇರ್ ಅಂಗಡಿಗಳು ಬಂದ್. ಉಸ್ತಾದರು ಕೈ ಚೆಲ್ಲಿದರು.

ಹನ್ನೊಂದರ ಹೊತ್ತಿಗೆ ಕಾಕಾ ಬಂದರು. "ಹಸಿ ಆಗೇತಿ, ಹೊಲಕ್ಕ ಕಾಲಿಡಾಕ ಬರಂಗಿಲ್ಲ. ನಿಂದರ ನೋಡೂಣು ಅಂತ ಬಂದೆ" ಅಂದರು. ಓಟ ಶುರುವಾದ ಮೇಲೆ ಮಿರ್ಚಿ ಭಜಿ ತಿನ್ನುತ್ತಾ ಎಂಟು ಹತ್ತು ಗಾಡಿ ನೋಡಿದರು. ಒಬ್ಬ ಹುಡುಗ ಕಪ್ಪಿನ ಮೇಲೆ ಬ್ರೇಕ್ ಹಾಕಿ ಎರಡು ಸುತ್ತು ಗರಗರ ತಿರುಗಿ ಸೈಟಿನ ಕಲ್ಲಿಗೆ ಆತುಕೊಂಡು ನಿಂತ. ಜನ ಕುಣಿದಾಡಿದರು. ಕಾಕಾ ನಗಲಿಲ್ಲ. "ಬಾರಕೋಲು ಭಾಳ ಬೀಸಿದವನ ಎತ್ತು ಅಡ್ಡ ಎಳಿತಾವ. ಜಾತ್ರ್ಯಾಗೂ ಜನ ಅವನ್ನ ನೋಡಿ ಹೋ ಅಂತಾರ. ಟೇಪ್ ಹಿಡಿಯಾವಗ ಅದು ಕೇಳಂಗಿಲ್ಲ."

ನನ್ನ ಓಟದ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಅದೇ ವಿಚಿತ್ರ. ಶನಿವಾರದ್ದು ಸೆಕೆಂಡು ಸೆಕೆಂಡು ನೆನಪಿದೆ. ರವಿವಾರದ್ದು ಬರೀ ಕೆಂಪು, ಕಪ್ಪು, ಕೆಂಪು. ತಿರುವಿಗೆ ಮೊದಲೇ ಬ್ರೇಕು, ಗಾಡಿಯ ಮೂಗು ತಗ್ಗುವುದು, ಮುಂದಿನ ಗಾಲಿ ನೆಲ ಕಚ್ಚಿ ಹಿಡಿದದ್ದು ಸ್ಟೇರಿಂಗಿನಲ್ಲಿ ಗೊತ್ತಾಗುವುದು, ಆಮೇಲೆ ಮೆಲ್ಲಗೆ ಆಕ್ಸಲರೇಟರು. ಹೇರ್‌ಪಿನ್ನಿನಲ್ಲಿ ದೊಡ್ಡ ಸುತ್ತು ಹಾಕಿ ಬಂದೆ. ಎಡಗೈ ಎರಡು ಸಲ ತಾನಾಗಿ ಲಿವರಿನ ಕಡೆ ಹೋಯಿತು. ಹೋಗಿ ವಾಪಸು ಬಂತು. ಇಡೀ ದಾರಿ ತಡ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಟ್ರೇಲರ್ ಮೇಲಿನವರು ಆಚೆ ಮುಖ ಮಾಡಿ ಏನೋ ಮಾತಾಡುತ್ತಿದ್ದುದು ಕಾಣಿಸಿತು. ಒಂದು ಸೀಟಿ ಇಲ್ಲ. ಒಂದೂ.

ಇಳಿದೆ. ಮಗ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. "ಪಪ್ಪಾ, ಇವತ್ತ ಭಾಳ ಸ್ಲೋ ಹೋದ್ರಿ."

2 ನಿಮಿಷ 1.2 ಸೆಕೆಂಡು. ಕೋನ್ ಒಂದೂ ಇಲ್ಲ. ಹಸಿ ನೆಲದಲ್ಲಿ ಎಲ್ಲರೂ ಹತ್ತು ಹದಿನೈದು ಸೆಕೆಂಡು ಕಳಕೊಂಡಿದ್ದರು, ನಾನು ಮಾತ್ರ ಶನಿವಾರಕ್ಕಿಂತ ಎರಡು ಸೆಕೆಂಡು ಉಳಿಸಿದ್ದೆ. ಆ ದಿನದ ಲೆಕ್ಕದಲ್ಲಿ ಐದನೆಯವನು. ಎರಡೂ ಕೂಡಿಸಿದರೆ ಎಂಟು. ಎಂಟನೆಯವನಿಗೆ ಏನೂ ಕೊಡುವುದಿಲ್ಲ, ಹೆಸರು ಮೈಕಿನಲ್ಲೂ ಹೇಳುವುದಿಲ್ಲ. ಹುಡುಗಿ ತನ್ನ ಕ್ಲಾಸಿನಲ್ಲಿ ಎರಡನೆಯವಳಾಗಿ ಒಂದು ಕಪ್ ತೆಗೆದುಕೊಂಡಳು. ಕಪ್ಪಿನೊಳಗೆ ಯಾರೋ ಹಾಕಿಟ್ಟಿದ್ದ ಗಿರ್ಮಿಟ್ಟಿನ ಕಾಗದ ತೆಗೆದು ಬಿಸಾಕಿದಳು.

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಪೂರ್ತಿ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಶನಿವಾರದ ಓಟವನ್ನು ಹೆಂಡತಿ ಫೋನಿನಲ್ಲಿ ಹಿಡಿದಿದ್ದಳು. ಅದು ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಸುತ್ತಿ ಸುತ್ತಿ, ಗದಗಿನ ಬೀಗರು ಫೋನ್ ಮಾಡಿ "ಏನ್ರೀ ಹೀರೋ ಆಗೀರಿ" ಅಂದರು. ರವಿವಾರದ್ದನ್ನು ಯಾರೂ ತೆಗೆದಿಲ್ಲ. ಕೇಳಿದರೆ "ನೀವು ಇನ್ನೂ ಜೋರು ಮಾಡ್ತೀರಿ, ಆವಾಗ ತೆಗಿಬೇಕು ಅಂತ ಕಾಯ್ಕೋತ ಕುಂತಿದ್ದೆ, ಅಷ್ಟ್ರಾಗ ಮುಗದ ಹೋತು" ಅಂದಳು. ನನ್ನ ಜೀವಮಾನದ ಒಳ್ಳೆ ಓಟ ಅದು. ಅದಕ್ಕೆ ಸಾಕ್ಷಿ ಕಾಕಾ ಒಬ್ಬರೇ. ಅವರು "ಇವತ್ತ ಎತ್ತು ನೆಟ್ಟಗ ಓಡಿದ್ವು" ಅಂದು ಐದೂವರೆ ಬಸ್ಸಿಗೆ ಹೋದರು.

ವಾಪಸು ಬರುವಾಗ ಉಸ್ತಾದರು ಹಿಂದಿನ ಸೀಟಿನಲ್ಲಿ ಕೂತು ಚಾ ಕುಡಿಯುತ್ತಾ, "ಅಲ್ರೀ ಸಾವಕಾರ್ರ, ಗ್ಯಾರೇಜಿನಾಗ ಹಳೇ ಎಸ್ಟೀಮಿಂದ ಒಂದು ಕೇಬಲ್ ಇತ್ ನೋಡ್ರಿ. ನೆನಪ ಹೋಗಿತ್ತು" ಅಂದರು. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಕಿಟಕಿಯಾಚೆ ನೋಡುತ್ತಿದ್ದರು. ನಿಜವಾಗಿ ಮರೆತರೋ, ಮರೆತ ಹಾಗೆ ಮಾಡಿದರೋ, ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿ ತೊಳೆಯಲು ಕೂತೆ. ಮಡ್ಗಾರ್ಡಿನ ಒಳಗೆ ಎರಿ ಮಣ್ಣು ಒಣಗಿ ಬೆಲ್ಲದ ಅಚ್ಚಿನ ಹಾಗೆ ಕೂತಿತ್ತು. ಉಳಿ ತಗೊಂಡು ಎಬ್ಬಿಸಿದರೆ ಅರ್ಧ ಬುಟ್ಟಿ ಬಂತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಎರಡು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮೊದಲೆಲ್ಲ ಹೊಲದ ಮಣ್ಣು ತಂದು ಎತ್ತು, ಗ್ವಾದಲಿ ಎಲ್ಲ ಮನೆಯಲ್ಲೇ ಮಾಡುತ್ತಿದ್ದಳು. ಹುಬ್ಬಳ್ಳಿಗೆ ಬಂದ ಮೇಲೆ ಮಾಡಿದ್ದನ್ನೇ ತರುತ್ತೇವೆ.

"ಚಲೋ ಎರಿ ಮಣ್ಣೈತಲ್ಲೋ. ಎಲ್ಲಿದಿದು?"

"ಗದಗ ರೋಡಿಂದವಾ."

ಒಂದು ಹೆಂಟೆ ಎತ್ತಿ, ನೀರು ಚಿಮುಕಿಸಿ ಬೆರಳಲ್ಲಿ ತೀಡಿದಳು. ಆ ಹುಡುಗಿ ತೀಡಿದ ಹಾಗೇ. ಪಟ್ಟಿ ಬಂತು. ಮೂಗಿನ ಹತ್ತಿರ ಹಿಡಿದಳು. ಮುಖ ಕಿವುಚಿತು.

"ಗ್ರೀಸ್ ನಾರತೈತಿ. ಇದರಾಗ ಬಸವಣ್ಣನ್ನ ಮಾಡಾಕ ಬರಂಗಿಲ್ಲ. ಒಯ್ದು ಕರಿಬೇವಿನ ಗಿಡಕ್ಕ ಹಾಕು."

ಹಾಕಿದೆ.